ತಕ್ಕಡಿ ಏರುವ ಮುನ್ನ ಒಂದು ಹಿತ್ತಾಳೆ ಪಂಪು

ಮೇ ತಿಂಗಳು ಮುಗಿಯುತ್ತ ಬಂತೆಂದರೆ ಬೆಳ್ಳಾರೆಯ ಸುತ್ತಲಿನ ಅಡಿಕೆ ತೋಟದವರಿಗೆ ಎರಡು ಚಿಂತೆ. ಒಂದು, ಮಕ್ಕಳ ಪುಸ್ತಕ, ಕೊಡೆ, ಶಾಲೆಯ ಫೀಸು. ಇನ್ನೊಂದು, ಮಳೆ ಹಿಡಿಯುವ ಮೊದಲು ತೋಟಕ್ಕೆ ಮದ್ದು ಬಿಟ್ಟು ಮುಗಿಸುವುದು. ಪಂಪು ಹೊರಗೆ ಬರುತ್ತದೆ, ವಾಷರು ಬದಲಾಗುತ್ತದೆ, ಮೈಲುತುತ್ತು ಮತ್ತು ಸುಣ್ಣ ಪೇಟೆಯಿಂದ ಬರುತ್ತವೆ. ಅದೇ ಹೊತ್ತಿಗೆ ಗುಜರಿಯವನ ಗಾಡಿಯೂ ಅಂಗಳದ ಕೊನೆಗೆ ಬಂದು ನಿಲ್ಲುತ್ತದೆ.

"ಅಜ್ಜ, ಹಳೇ ಹಿತ್ತಾಳೆ, ತಾಮ್ರ ಏನಾದ್ರೂ ಉಂಟಾ?"

"ಅಟ್ಟದಲ್ಲಿ ಒಂದು ಹಳೇ ಪಂಪು ಉಂಟು ಮಾರಾಯ. ಈಗ ಅದಕ್ಕೆ ವಾಷರೂ ಸಿಗುವುದಿಲ್ಲ."

ಪಂಪು ಅಟ್ಟದಿಂದ ಇಳಿಯುತ್ತದೆ. ತಕ್ಕಡಿ ಏರುತ್ತದೆ. ಇಷ್ಟು ಕಿಲೋ, ಇಷ್ಟು ರೂಪಾಯಿ ಎಂದು ಲೆಕ್ಕವಾಗುತ್ತದೆ. ಬಾಗಿಲಲ್ಲಿ ನಿಂತು ನೋಡುವ ಮೊಮ್ಮಗನಿಗೆ ಅದರ ತೂಕ ತಿಳಿಯಿತು. ಆ ಪಂಪು ಆ ಮನೆಗೆ ಏನು ಮಾಡಿತ್ತು ಎಂಬುದು ಮಾತ್ರ ತಿಳಿಯಲಿಲ್ಲ.

ಈ ದೃಶ್ಯ ಒಂದೇ ಮನೆಯದಲ್ಲ. ಸುಳ್ಯ, ಪುತ್ತೂರು, ಕಡಬ ತಾಲೂಕುಗಳ ಎಷ್ಟೋ ತೋಟದ ಮನೆಗಳಲ್ಲಿ ಹೀಗೆ ನಡೆದಿದೆ. ಹೊರದೇಶಗಳಲ್ಲಿ ಇದೇ ಜಾತಿಯ ಸಲಕರಣೆಗಳನ್ನು ಹುಡುಕಿ, ಕಾಪಾಡಿ ಇಡುವ ಹವ್ಯಾಸಿಗಳಿದ್ದಾರೆ. ಅವರು ಹುಡುಕುವುದು ಮುಖ್ಯವಾಗಿ ಹಳೆಯ ಏರ್‌ಬ್ರಷ್‌ಗಳನ್ನು ಮತ್ತು ಬಣ್ಣ ಸಿಂಪಡಿಸುವ ಮೊದಮೊದಲ ಯಂತ್ರಗಳನ್ನು. ಏರ್‌ಬ್ರಷ್ ಎಂದರೆ ಪೆನ್ನಿನಂತೆ ಕೈಯಲ್ಲಿ ಹಿಡಿದು, ಗಾಳಿಯ ಬಲದಿಂದ ಬಣ್ಣವನ್ನು ಮಂಜಿನಂತೆ ಹರಡುವ ಸಣ್ಣ ಸಾಧನ. ಬೆಳ್ಳಾರೆಯ ಅಟ್ಟದ ಪಂಪಿಗೂ ಆ ಏರ್‌ಬ್ರಷ್‌ಗೂ ಏನು ಸಂಬಂಧ? ದೂರದ್ದೇನಲ್ಲ. ದ್ರವವನ್ನು ಸಣ್ಣ ಹನಿಗಳಾಗಿ ಒಡೆಯುವುದೇ ಎರಡರ ಕೆಲಸವೂ.

ಎರಡು ಕೊಳವೆಯ ಪಾಠ

ಇದನ್ನು ಮನೆಯಲ್ಲೇ ಮಾಡಿ ನೋಡಬಹುದು. ಒಂದು ಲೋಟ ನೀರು, ತಂಪು ಪಾನೀಯ ಕುಡಿಯುವ ಒಂದು ಕೊಳವೆ, ಒಂದು ಕತ್ತರಿ ಸಾಕು. ಕೊಳವೆಯನ್ನು ಎರಡು ತುಂಡು ಮಾಡಿ. ಒಂದನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸಿ. ಅದರ ತುದಿ ನೀರಿನ ಮಟ್ಟಕ್ಕಿಂತ ಸ್ವಲ್ಪವೇ ಮೇಲಿರಲಿ. ಇನ್ನೊಂದನ್ನು ಆ ತುದಿಗೆ ಅಡ್ಡವಾಗಿ ಹಿಡಿದು ಜೋರಾಗಿ ಊದಿ. ನೀರು ಮೇಲೇರಿ ತುಂತುರಾಗಿ ಹಾರುತ್ತದೆ.

ನೀರನ್ನು ಮೇಲಕ್ಕೆ ಎತ್ತಿದ್ದು ಯಾರು? ಊದಿದ ಗಾಳಿ ವೇಗವಾಗಿ ಸಾಗುವಾಗ ನೆಟ್ಟ ಕೊಳವೆಯ ಬಾಯಿಯ ಬಳಿ ಇರುವ ಗಾಳಿಯನ್ನೂ ತನ್ನೊಡನೆ ಎಳೆದೊಯ್ಯುತ್ತದೆ. ಅಲ್ಲಿ ಒತ್ತಡ ಕಡಿಮೆಯಾಗುತ್ತದೆ. ಲೋಟದ ನೀರಿನ ಮೇಲಿರುವ ವಾತಾವರಣದ ಒತ್ತಡ ಮಾತ್ರ ಹಾಗೆಯೇ ಇರುತ್ತದೆ. ಆದ್ದರಿಂದ ನೀರು ಕೊಳವೆಯೊಳಗೆ ಏರುತ್ತದೆ, ಬಾಯಿಗೆ ಬಂದೊಡನೆ ಗಾಳಿಯ ಹೊಡೆತಕ್ಕೆ ಸಿಕ್ಕಿ ಚೂರಾಗುತ್ತದೆ. ಚಿತ್ರಕಾರರು ಬಾಯಿಂದ ಊದುವ ಸ್ಪ್ರೇ, ಹಿಂದೆ ಮನೆಮನೆಯಲ್ಲಿ ಸೊಳ್ಳೆಗೆ ಬಳಸುತ್ತಿದ್ದ ಫ್ಲಿಟ್ ಪಂಪು, ವರ್ಕ್‌ಶಾಪಿನಲ್ಲಿ ವಾಹನಕ್ಕೆ ಬಣ್ಣ ಹೊಡೆಯುವ ಗನ್ನು, ಏರ್‌ಬ್ರಷ್ ಎಲ್ಲವೂ ಗಾಳಿಯಿಂದ ಹನಿ ಒಡೆಯುವ ಈ ಕುಟುಂಬಕ್ಕೆ ಸೇರಿದವು.

ತೋಟದ ರಾಕರ್ ಪಂಪು ಇನ್ನೊಂದು ಕುಟುಂಬದ್ದು. ಅಲ್ಲಿ ದ್ರವವನ್ನೇ ಬಲವಾಗಿ ಒತ್ತಿ ಸಣ್ಣ ತೂತಿನಿಂದ ಹೊರಗೆ ನೂಕಲಾಗುತ್ತದೆ. ತೂತಿನಿಂದ ಹೊರಬಿದ್ದ ದ್ರವ ತೆಳುವಾದ ಪದರವಾಗಿ ಹರಡಿ, ಹರಿದು, ಹನಿಯಾಗುತ್ತದೆ. ಹಳೆಯ ಸಾಧನವೊಂದು ಕೈಗೆ ಸಿಕ್ಕಿದಾಗ ಅದು ಯಾವ ಕುಟುಂಬದ್ದು ಎಂದು ಗುರುತಿಸುವುದೇ ಸಂಗ್ರಹಕಾರನ ಮೊದಲ ಪಾಠ.

ಗಂಟಲಿನಿಂದ ಗೋಡೆಗೆ

ಬಣ್ಣವನ್ನು ಊದಿ ಹರಡುವ ಉಪಾಯ ಬಹಳ ಹಳೆಯದು. ಗುಹೆಯ ಗೋಡೆಗೆ ಅಂಗೈ ಒತ್ತಿ, ಸುತ್ತ ಬಣ್ಣ ಊದಿ, ಕೈಯ ಗುರುತು ಉಳಿಸಿದ ಆದಿಮಾನವರ ಚಿತ್ರಗಳು ಇಂದಿಗೂ ಇವೆ. ಯಂತ್ರದ ಕಥೆ ಮಾತ್ರ ಹತ್ತೊಂಬತ್ತನೆಯ ಶತಮಾನದ್ದು. ಅಮೆರಿಕದ ಫ್ರಾನ್ಸಿಸ್ ಎಡ್ಗರ್ ಸ್ಟಾನ್ಲಿ 1876ರಲ್ಲಿ ಇಂಥ ಒಂದು ಸಾಧನಕ್ಕೆ ಪೇಟೆಂಟ್ ಪಡೆದ. ಮುಂದೆ ಅವಳಿ ಸಹೋದರನೊಡನೆ ಸೇರಿ ಉಗಿಯಿಂದ ಓಡುವ ಕಾರು ತಯಾರಿಸಿ ಹೆಸರಾದವನು ಇವನೇ. 1879ರಲ್ಲಿ ಅಯೋವಾ ರಾಜ್ಯದ ಆಬ್ನರ್ ಪೀಲರ್ ಹೊಲಿಗೆಸೂಜಿ, ಚಮಚದಂಥ ಮನೆಯ ವಸ್ತುಗಳನ್ನೇ ಜೋಡಿಸಿ ಇನ್ನೊಂದು ಮಾದರಿ ಮಾಡಿದ. ಅದರ ಹಕ್ಕನ್ನು ಕೊಂಡು, ತಿದ್ದಿ, ಮಾರುಕಟ್ಟೆಗೆ ತಂದವನು ಲಿಬರ್ಟಿ ವಾಕಪ್. 1890ರ ದಶಕದಲ್ಲಿ ಚಾರ್ಲ್ಸ್ ಬರ್ಡಿಕ್ ರೂಪಿಸಿದ ಏರ್‌ಬ್ರಷ್ ಇಂದಿನ ಮಾದರಿಗಳಿಗೆ ಬಹಳ ಹತ್ತಿರದ್ದು. ಕಪ್ಪು ಬಿಳುಪು ಫೋಟೋಗಳನ್ನು ತಿದ್ದಿ, ಬಣ್ಣ ತುಂಬುವುದೇ ಆಗ ಇವುಗಳ ಮುಖ್ಯ ಕೆಲಸವಾಗಿತ್ತು.

ದೊಡ್ಡ ಯಂತ್ರಗಳ ಮೂಲ ಇನ್ನೂ ಸ್ವಾರಸ್ಯಕರ. ಒಹಾಯೋದ ಟೊಲೆಡೊ ನಗರದ ವೈದ್ಯ ಆಲನ್ ಡೆವಿಲ್ಬಿಸ್ ರೋಗಿಗಳ ಗಂಟಲಿಗೆ ಔಷಧ ಸಿಂಪಡಿಸಲು 1880ರ ದಶಕದಲ್ಲಿ ಒಂದು ಉಪಕರಣ ಮಾಡಿದ್ದರು. ಅವರ ಮಗ ಥಾಮಸ್ ಅದೇ ತತ್ವವನ್ನು ಬಣ್ಣಕ್ಕೆ ಅಳವಡಿಸಿ ಸ್ಪ್ರೇ ಗನ್ ತಯಾರಿಸಿದರು. ಷಿಕಾಗೋದಲ್ಲಿ ಜೋಸೆಫ್ ಬಿಂಕ್ಸ್ ಎಂಬಾತನ ಮುಂದಿದ್ದ ಸಮಸ್ಯೆ ಬೇರೆ. ಮಾರ್ಷಲ್ ಫೀಲ್ಡ್ ಎಂಬ ಭಾರೀ ಮಳಿಗೆಯ ನೆಲಮಾಳಿಗೆಯ ಗೋಡೆಗಳಿಗೆಲ್ಲ ಸುಣ್ಣ ಬಳಿಸುವ ಹೊಣೆ ಅವನದಾಗಿತ್ತು. ಕುಂಚದಿಂದ ಬಳಿದರೆ ಮುಗಿಯದ ಕೆಲಸ. ಅವನು ಕೈಯಿಂದ ಒತ್ತುವ ಪಂಪು, ಉದ್ದದ ಕೊಳವೆ, ತುದಿಗೆ ನಾಝಲ್ ಜೋಡಿಸಿ ಸುಣ್ಣವನ್ನು ಸಿಂಪಡಿಸಿದ. 1893ರಲ್ಲಿ ಅದೇ ಊರಿನಲ್ಲಿ ನಡೆದ ವಿಶ್ವ ಪ್ರದರ್ಶನದ ದೊಡ್ಡ ದೊಡ್ಡ ಕಟ್ಟಡಗಳಿಗೆ ಯಂತ್ರದಿಂದಲೇ ಬಿಳಿ ಬಣ್ಣ ಹೊಡೆದರು. ಆ ಪ್ರದರ್ಶನಕ್ಕೆ 'ಬಿಳಿ ನಗರ' ಎಂಬ ಹೆಸರೇ ಬಿತ್ತು.

ಕೈಪಂಪು, ಉದ್ದದ ಕೊಳವೆ, ನಾಝಲ್, ಸುಣ್ಣ. ಬೆಳ್ಳಾರೆಯ ತೋಟದವರಿಗೆ ಈ ಪಟ್ಟಿ ಹೊಸದಲ್ಲ. ಅವರು ಇದಕ್ಕೆ ಮೈಲುತುತ್ತನ್ನು ಸೇರಿಸುತ್ತಾರೆ, ಅಷ್ಟೇ.

ಕಳ್ಳರಿಗೆ ಬಳಿದ ಮದ್ದು

ಮೈಲುತುತ್ತು ಮತ್ತು ಸುಣ್ಣದ ಕಥೆ ಫ್ರಾನ್ಸಿನ ದ್ರಾಕ್ಷಿ ತೋಟದಿಂದ ಆರಂಭವಾಗುತ್ತದೆ. ಬೋರ್ಡೋ ಪ್ರದೇಶದಲ್ಲಿ ರಸ್ತೆ ಬದಿಯ ಬಳ್ಳಿಗಳಿಗೆ ರೈತರು ಇವೆರಡರ ಮಿಶ್ರಣ ಬಳಿಯುತ್ತಿದ್ದರು. ಉದ್ದೇಶ ರೋಗ ತಡೆಯುವುದಲ್ಲ, ದಾರಿಹೋಕರು ಹಣ್ಣು ಕದಿಯದಂತೆ ಮಾಡುವುದು. 1882ರಲ್ಲಿ ಸಸ್ಯವಿಜ್ಞಾನಿ ಮಿಲ್ಲಾರ್ದೆ ಆ ಬಳ್ಳಿಗಳ ಎಲೆಗೆ ಮಾತ್ರ ಬೂಷ್ಟು ರೋಗ ತಗಲದೆ ಇದ್ದುದನ್ನು ಗಮನಿಸಿದರು. ಪ್ರಯೋಗ ನಡೆಸಿ 1885ರಲ್ಲಿ ಪ್ರಕಟಿಸಿದರು. ಬೋರ್ಡೋ ದ್ರಾವಣ ಹುಟ್ಟಿದ್ದು ಹೀಗೆ. ಅದನ್ನು ಸಿಂಪಡಿಸಲು ಅದೇ ದಶಕದಲ್ಲಿ ವಿಕ್ತೋರ್ ವೆರ್ಮೊರೆಲ್ ಬೆನ್ನಿಗೆ ಹೊರುವ ಪಂಪನ್ನು ಫ್ರಾನ್ಸಿನಲ್ಲಿ ತಯಾರಿಸಿದ.

ನಮ್ಮ ಕಡೆ ಅಡಿಕೆಗೆ ಬರುವ ಕೊಳೆರೋಗ ಅಥವಾ ಮಹಾಳಿ ಇದೇ ಬಗೆಯ ಶತ್ರು. 1908ರಲ್ಲಿ ಮೈಸೂರು ಸರ್ಕಾರದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಮಲೆನಾಡಿನ ತೋಟಗಳಲ್ಲಿ ಇದನ್ನು ಅಭ್ಯಾಸ ಮಾಡಿ 1910ರಲ್ಲಿ ವರದಿ ಪ್ರಕಟಿಸಿದರು. ರೋಗಕಾರಕ 'ಫೈಟೊಫ್ತೊರಾ' ಕುಲದ ಜೀವಿ. ಆ ಹೆಸರಿನ ಅರ್ಥವೇ ಸಸ್ಯನಾಶಕ ಎಂದು. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆ ಬೆಳೆಯನ್ನು ಕೊಳೆಸಿ ಕ್ಷಾಮ ತಂದದ್ದು ಇದೇ ಕುಲದ ಇನ್ನೊಂದು ಜಾತಿ. ಇದರ ಬೀಜಾಣುಗಳು ಅಡಿಕೆಯ ಮೇಲಿನ ನೀರಿನ ಪಸೆಯಲ್ಲಿ ಈಜಬಲ್ಲವು. ವರ್ಷಕ್ಕೆ 3,500 ಮಿ.ಮೀ. ಮೀರಿ ಮಳೆ ಬೀಳುವುದು ಸಾಮಾನ್ಯವಾದ ಈ ಸೀಮೆಯಲ್ಲಿ ಅವಕ್ಕೆ ಇನ್ನೇನು ಬೇಕು? ಆಷಾಢದಲ್ಲಿ ಒಂದು ವಾರ ಬಿಡದೆ ಮಳೆ ಸುರಿದರೆ ಎಳೆ ಅಡಿಕೆ ಕೊಳೆತು ಬುಡದಲ್ಲಿ ಉದುರಿ ಬೀಳುತ್ತದೆ. ಅದರ ಜತೆಗೆ ಒಂದು ಮನೆಯ ಇಡೀ ವರ್ಷದ ಆದಾಯವೂ.

ಪಂಪು ಬರುವ ಮೊದಲು ಗೊನೆಗೆ ಹಾಳೆಯ ಅಥವಾ ಹುಲ್ಲಿನ ಕೊಟ್ಟೆ ಕಟ್ಟುವ ಪದ್ಧತಿ ಅಡಿಕೆ ಸೀಮೆಗಳಲ್ಲಿತ್ತು. ಪ್ರತಿ ಮರ ಹತ್ತಬೇಕು, ಪ್ರತಿ ಗೊನೆ ಮುಚ್ಚಬೇಕು. ಮದ್ದು ಬಿಡುವ ಪದ್ಧತಿ ಹಬ್ಬಿದ ಮೇಲೆ ಬೋರ್ಡೋ ದ್ರಾವಣವೇ ತೋಟದ ರಕ್ಷಕವಾಯಿತು. 1956ರಲ್ಲಿ ವಿಟ್ಲದಲ್ಲಿ ಅಡಿಕೆ ಸಂಶೋಧನಾ ಕೇಂದ್ರ ಆರಂಭವಾಯಿತು. ಶೇಕಡಾ 1ರ ದ್ರಾವಣ ಇಂದಿಗೂ ಶಿಫಾರಸಿನಲ್ಲಿದೆ. 1 ಕೆ.ಜಿ. ಮೈಲುತುತ್ತು 50 ಲೀಟರ್ ನೀರಿನಲ್ಲಿ, 1 ಕೆ.ಜಿ. ಸುಣ್ಣ ಇನ್ನೊಂದು 50 ಲೀಟರಿನಲ್ಲಿ, ಆಮೇಲೆ ಎರಡನ್ನೂ ಕಲಕುತ್ತ ಬೆರೆಸಬೇಕು. ಮಳೆ ಹಿಡಿಯುವ ಮೊದಲೊಮ್ಮೆ, 40-45 ದಿನ ಬಿಟ್ಟು ಇನ್ನೊಮ್ಮೆ ಬಿಡಬೇಕು.

ಮಂಜಿನಂಥ ಹನಿಯೇ ಏಕೆ ಬೇಕು? ಲೆಕ್ಕ ಮಾಡಿ ನೋಡಿ. 1 ಮಿ.ಮೀ. ವ್ಯಾಸದ ಒಂದು ಹನಿಯನ್ನು 0.1 ಮಿ.ಮೀ. ಹನಿಗಳಾಗಿ ಒಡೆದರೆ 1,000 ಹನಿಗಳಾಗುತ್ತವೆ. ದ್ರವ ಅಷ್ಟೇ, ಆದರೆ ಒಟ್ಟು ಮೇಲ್ಮೈ ಹತ್ತು ಪಟ್ಟು. ದೊಡ್ಡ ಹನಿ ಅಡಿಕೆಯಿಂದ ಜಾರಿ ಬೀಳುತ್ತದೆ, ಸಣ್ಣ ಹನಿ ಅಂಟಿಕೊಂಡು ಎಲ್ಲ ಕಡೆ ಹರಡುತ್ತದೆ. ಕಾರಿಗೆ ಬಣ್ಣ ಹೊಡೆಯುವವನು ಬಯಸುವುದೂ ಇದನ್ನೇ.

ಹಿತ್ತಾಳೆಯೇ ಏಕೆ?

ಈಗ ಅಟ್ಟದ ಪಂಪನ್ನು ಹತ್ತಿರದಿಂದ ನೋಡೋಣ. ಮರದ ಹಲಗೆಯ ಮೇಲೆ ಒಂದು ಸಿಲಿಂಡರು, ಹಿಂದೆ ಮುಂದೆ ಆಡಿಸುವ ಉದ್ದನೆಯ ಹಿಡಿ, ಪಕ್ಕದಲ್ಲಿ ಉಬ್ಬಿದ ಒಂದು ಪಾತ್ರೆ. ಹೀರುವ ಕೊಳವೆ ಡ್ರಮ್ಮಿನೊಳಗೆ, ಚಿಮ್ಮುವ ಕೊಳವೆ ಮರದ ತುದಿಯಲ್ಲಿರುವವನ ಕೈಯಲ್ಲಿ. ಆ ಉಬ್ಬಿದ ಪಾತ್ರೆ ಅಲಂಕಾರಕ್ಕಲ್ಲ. ಹಿಡಿ ಆಡಿಸಿದಾಗ ದ್ರವ ಬಿಟ್ಟು ಬಿಟ್ಟು ಬರುತ್ತದೆ. ಪಾತ್ರೆಯೊಳಗೆ ಸಿಕ್ಕಿಕೊಂಡ ಗಾಳಿ ಒತ್ತಿದಾಗ ಕುಗ್ಗುತ್ತದೆ, ಬಿಟ್ಟಾಗ ಹಿಗ್ಗುತ್ತದೆ. ಹೀಗಾಗಿ ನಾಝಲಿನಲ್ಲಿ ಧಾರೆ ಕಡಿಯುವುದಿಲ್ಲ. ಪಠ್ಯಪುಸ್ತಕದ ಬಾಯ್ಲನ ನಿಯಮ ಇಲ್ಲಿ ತೋಟದ ಕೆಲಸಕ್ಕೆ ಬಂದಿದೆ. ದ್ರವವನ್ನು 10 ಮೀಟರ್ ಎತ್ತರಕ್ಕೆ ಏರಿಸಲು ಚದರ ಸೆಂಟಿಮೀಟರಿಗೆ ಸುಮಾರು 1 ಕೆ.ಜಿ. ಒತ್ತಡ ಬೇಕು. 15 ಮೀಟರ್ ಮರವಾದರೆ ಒಂದೂವರೆ. ಅಲ್ಲಿ ಮಂಜಾಗಿ ಒಡೆಯಲು ಅದಕ್ಕಿಂತ ಎಷ್ಟೋ ಹೆಚ್ಚು. ಇಷ್ಟೂ ಒತ್ತಡ ಬಂದದ್ದು ಹಿಡಿ ಆಡಿಸುತ್ತಿದ್ದವರ ತೋಳಿನಿಂದ.

ಇನ್ನು ಹಿತ್ತಾಳೆಯ ವಿಷಯ. ಮೈಲುತುತ್ತಿನ ನೀರಿನಲ್ಲಿ ಕಬ್ಬಿಣದ ಮೊಳೆ ಹಾಕಿದರೆ ಅದರ ಮೇಲೆ ಕೆಂಪು ತಾಮ್ರದ ಲೇಪ ಕೂರುವುದನ್ನು ಹೈಸ್ಕೂಲು ಮಕ್ಕಳು ಪ್ರಯೋಗಶಾಲೆಯಲ್ಲಿ ನೋಡಿರುತ್ತಾರೆ. ಹೆಚ್ಚು ಕ್ರಿಯಾಶೀಲವಾದ ಕಬ್ಬಿಣ ದ್ರಾವಣಕ್ಕೆ ಇಳಿಯುತ್ತದೆ, ತಾಮ್ರ ಹೊರಬರುತ್ತದೆ. ಕಬ್ಬಿಣದ ಪಂಪಾದರೆ ಹೀಗೆಯೇ ಸವೆದು ತೂತಾಗುತ್ತಿತ್ತು. ತಾಮ್ರ ಸೇರಿದ ಹಿತ್ತಾಳೆ ಹೆಚ್ಚು ಬಾಳುತ್ತದೆ. ತೋಟದವರು ಇದೇ ರಸಾಯನಶಾಸ್ತ್ರವನ್ನು ಪರೀಕ್ಷೆಗೂ ಬಳಸುತ್ತ ಬಂದಿದ್ದಾರೆ. ಬೆರೆಸಿದ ದ್ರಾವಣದಲ್ಲಿ ಹರಿತ ಮಾಡಿದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆಯುತ್ತಾರೆ. ಅಲಗು ಕೆಂಪಾದರೆ ಸುಣ್ಣ ಸಾಲದು ಎಂದರ್ಥ. ರಸಾಯನಶಾಸ್ತ್ರದ ಪುಸ್ತಕ ತೆರೆಯದ ಅಜ್ಜಂದಿರೂ ಈ ಪರೀಕ್ಷೆ ಬಲ್ಲರು.

ಮಂಜಿನ ಇನ್ನೊಂದು ಮುಖ

ಸಣ್ಣ ಹನಿಯ ಗುಣವನ್ನಷ್ಟೇ ಹೇಳಿದರೆ ಕಥೆ ಅರ್ಧವಾಗುತ್ತದೆ. 1 ಮಿ.ಮೀ. ಹನಿ 10 ಮೀಟರ್ ಎತ್ತರದಿಂದ ಎರಡು ಮೂರು ಸೆಕೆಂಡಿನಲ್ಲಿ ನೆಲ ಸೇರುತ್ತದೆ. 0.1 ಮಿ.ಮೀ. ಹನಿಗೆ ಅರ್ಧ ನಿಮಿಷಕ್ಕೂ ಮೀರಿ ಬೇಕು. 0.01 ಮಿ.ಮೀ. ಹನಿ ಆರಿಹೋಗದೆ ಉಳಿದರೆ ಇಳಿಯಲು ಹತ್ತಿರ ಹತ್ತಿರ ಒಂದು ಗಂಟೆ. ನಡಿಗೆಯ ವೇಗದ ಗಾಳಿ ಬೀಸಿದರೂ ಅಷ್ಟರಲ್ಲಿ ಅದು ಮೂರು ಕಿಲೋಮೀಟರ್ ಆಚೆ ಹೋಗಿರುತ್ತದೆ. ಹನಿ ಸಣ್ಣದಾದಷ್ಟೂ ಅದು ತೋಟದವನ ಕೈ ಬಿಟ್ಟು ಗಾಳಿಯ ಪಾಲಾಗುತ್ತದೆ.

ಇದರ ಬೆಲೆಯನ್ನು ಈ ಭಾಗದ ಜನ ತೆತ್ತಿದ್ದಾರೆ. ಕಾಸರಗೋಡಿನ ಗೇರು ತೋಟಗಳಿಗೆ 1970ರ ದಶಕದಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಲಾಯಿತು. ದಕ್ಷಿಣ ಕನ್ನಡದ ಕೊಕ್ಕಡ, ಪಟ್ರಮೆ ಪರಿಸರದ ಗೇರು ತೋಟಗಳಲ್ಲೂ ಅದು ನಡೆಯಿತು. ಹುಟ್ಟಿನಿಂದಲೇ ಅಂಗವೈಕಲ್ಯ, ನರಗಳ ಕಾಯಿಲೆಯಿಂದ ನರಳುವ ಮಕ್ಕಳನ್ನು ಮಡಿಲಲ್ಲಿಟ್ಟುಕೊಂಡ ತಾಯಂದಿರ ಅಳಲು ಕೊನೆಗೆ ದೆಹಲಿಯವರೆಗೆ ಕೇಳಿಸಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಈ ವಿಷದ ತಯಾರಿ, ಮಾರಾಟ, ಬಳಕೆಗಳನ್ನು ದೇಶದಾದ್ಯಂತ ತಡೆಯಿತು. ಕೈಪಂಪಿನವನು ಒಂದೊಂದು ಗೊನೆ ನೋಡಿ ಬಿಡುತ್ತಿದ್ದ ಮದ್ದಿಗೂ ಆಕಾಶದಿಂದ ಊರಿನ ಮೇಲೆ ಸುರಿದ ಮದ್ದಿಗೂ ಇರುವ ಅಂತರವನ್ನು ಮಕ್ಕಳು ಅರಿಯಬೇಕು. ಹಳೆಯ ಪಂಪೊಂದನ್ನು ಮುಂದಿಟ್ಟುಕೊಂಡರೆ ಈ ಮಾತು ಬೇಗ ಮನಸ್ಸಿಗೆ ಇಳಿಯುತ್ತದೆ.

ಸಂಗ್ರಹ ಹೇಗೆ?

ಹಳೆಯ ವಸ್ತು ಕೂಡಿಡುವುದು ಹಣವಂತರ ಹವ್ಯಾಸವೆಂದು ಭಾವಿಸಬೇಕಿಲ್ಲ. ಶಾಲೆಯ ಒಂದು ಮೂಲೆ, ನಾಲ್ಕು ಮನೆಯ ಅಟ್ಟ ಇದ್ದರೆ ಆರಂಭಕ್ಕೆ ಸಾಕು. ಆದರೆ ಕೆಲವು ಎಚ್ಚರಗಳು ಬೇಕು.

ಮೊದಲನೆಯದು ಸುರಕ್ಷೆ. ಹಳೆಯ ಪಂಪಿನೊಳಗೆ ಯಾವ ಮದ್ದು ಉಳಿದಿದೆಯೋ ಹೇಳಲಾಗದು. ಫ್ಲಿಟ್ ಪಂಪುಗಳಲ್ಲಿ ಡಿ.ಡಿ.ಟಿ. ಇದ್ದಿರಬಹುದು, ಹಳೆಯ ಬಣ್ಣದ ಗನ್ನುಗಳಲ್ಲಿ ಸೀಸ ಬೆರೆತ ಬಣ್ಣ ಒಣಗಿರಬಹುದು. ಮಕ್ಕಳು ತಾವೇ ಬಿಚ್ಚಬಾರದು, ಬಾಯಿಟ್ಟು ಊದಲೇಬಾರದು. ಹಿರಿಯರು ಕೈಗವಸು ಹಾಕಿ, ಬಾವಿಯಿಂದ ದೂರದಲ್ಲಿ ಸ್ವಚ್ಛ ಮಾಡಬೇಕು.

ಎರಡನೆಯದು, ಹುಣಸೆಹುಳಿ ಹಾಕಿ ಫಳಫಳ ತಿಕ್ಕಬಾರದು. ತಯಾರಕರ ಹೆಸರು, ಸಂಖ್ಯೆ ಸವೆದುಹೋಗುತ್ತವೆ. ಸಂದುಗಳಲ್ಲಿ ಕೂತ ಹಸಿರು ನೀಲಿ ಕಲೆ ಆ ಪಂಪು ಮಾಡಿದ ಕೆಲಸಕ್ಕೆ ಸಾಕ್ಷಿ. ಬಟ್ಟೆಯಿಂದ ಧೂಳು ಒರೆಸಿ, ಚರ್ಮದ ವಾಷರಿಗೆ ಒಂದಿಷ್ಟು ಎಣ್ಣೆ ಸವರಿದರೆ ಸಾಕು.

ಮೂರನೆಯದು ಎಲ್ಲಕ್ಕಿಂತ ಮುಖ್ಯ. ವಸ್ತುವಿನ ಜತೆಗೆ ಅದರ ಕಥೆಯನ್ನೂ ಬರೆದಿಡಬೇಕು. ಯಾವ ಮನೆಯದು, ಯಾವಾಗ ಕೊಂಡದ್ದು, ಎಷ್ಟು ಕೊಟ್ಟರು, ಮರ ಹತ್ತುತ್ತಿದ್ದವರು ಯಾರು, ಹಿಡಿ ಆಡಿಸುತ್ತಿದ್ದವರು ಯಾರು, ದಿನಕ್ಕೆ ಎಷ್ಟು ಡ್ರಮ್ಮು ಮುಗಿಯುತ್ತಿತ್ತು, ಯಾವ ವರ್ಷ ಕೊಳೆರೋಗ ಜೋರಾಗಿತ್ತು. ಮಳೆಯಲ್ಲಿ ಜಾರುವ ಮರದ ತುದಿಯಲ್ಲಿ ನಿಂತು ಮದ್ದು ಬಿಟ್ಟವರ ಹೆಸರು ಯಾವ ದಾಖಲೆಯಲ್ಲೂ ಇರುವುದಿಲ್ಲ. ಈಚಿನ ವರ್ಷಗಳಲ್ಲಿ ನೆಲದಲ್ಲೇ ನಿಂತು ಮದ್ದು ಬಿಡುವ ಕಾರ್ಬನ್ ಫೈಬರ್ ದೋಟಿ ಬಂದಿದೆ. ಮರ ಹತ್ತಿ ಮದ್ದು ಬಿಟ್ಟ ತಲೆಮಾರು ಮುಗಿಯುತ್ತ ಬಂದಿದೆ. ಕೇಳುವುದಿದ್ದರೆ ಈಗಲೇ ಕೇಳಬೇಕು.

ವಿದ್ಯಾರ್ಥಿಗಳಿಗೆ ಅಳತೆಯ ಕೆಲಸವೂ ಇದೆ. ಸಿಲಿಂಡರಿನ ಒಳವ್ಯಾಸ 4 ಸೆ.ಮೀ., ಕೊಂತ ಚಲಿಸುವ ದೂರ 10 ಸೆ.ಮೀ. ಎಂದುಕೊಳ್ಳಿ. ಒಂದು ಸಲ ಒತ್ತಿದರೆ ಸುಮಾರು 126 ಮಿ.ಲೀ. ದ್ರವ ಹೊರಡುತ್ತದೆ. ಹಾಗಾದರೆ 100 ಲೀಟರ್ ಮುಗಿಯಲು ಎಷ್ಟು ಸಲ ಒತ್ತಬೇಕು? ಸುಮಾರು 800 ಸಲ. ಒಂದು ಡ್ರಮ್ಮಿನ ಹಿಂದೆ ಎಷ್ಟು ಶ್ರಮವಿತ್ತು ಎಂಬುದು ಆಗ ತಿಳಿಯುತ್ತದೆ. ಸಿಕ್ಕಿದ ಪಂಪನ್ನು ಅಳೆದು ಇದೇ ಲೆಕ್ಕ ಮಾಡಿ, ಅಜ್ಜನ ನೆನಪಿನೊಡನೆ ತಾಳೆ ನೋಡಿ.

ಮಾದರಿಗೆ ದೂರ ಹೋಗಬೇಕಿಲ್ಲ. ಧರ್ಮಸ್ಥಳದ ಮಂಜೂಷಾ ವಸ್ತುಸಂಗ್ರಹಾಲಯ, ಬಿ.ಸಿ. ರೋಡಿನ ರಾಣಿ ಅಬ್ಬಕ್ಕ ತುಳು ಅಧ್ಯಯನ ಕೇಂದ್ರದ ಸಂಗ್ರಹ ಎರಡೂ ಇದೇ ಜಿಲ್ಲೆಯವು. ನಿತ್ಯದ ಬಳಕೆಯ ವಸ್ತುವೂ ಕಾಪಾಡಿದರೆ ಪಾಠ ಹೇಳುತ್ತದೆ ಎಂಬುದನ್ನು ಅಲ್ಲಿ ಕಾಣಬಹುದು. ಹೆತ್ತವರು ರಜೆಯಲ್ಲಿ ಒಮ್ಮೆ ಮಕ್ಕಳನ್ನು ಕರೆದೊಯ್ದು ತೋರಿಸಲಿ.

ಬೆಳ್ಳಾರೆಯ ಹೆಸರು ಚರಿತ್ರೆಯ ಪುಟದಲ್ಲಿ ಆಗಲೇ ಇದೆ. 1837ರಲ್ಲಿ ಕಂಪೆನಿ ಸರ್ಕಾರದ ವಿರುದ್ಧ ಎದ್ದ ರೈತರು ಇಲ್ಲಿನ ಖಜಾನೆಯನ್ನು ವಶಪಡಿಸಿಕೊಂಡರು. ಆ ರೈತರ ಮರಿಮಕ್ಕಳು ಮಳೆಯೊಡನೆ, ಕೊಳೆರೋಗದೊಡನೆ ವರ್ಷ ವರ್ಷವೂ ನಡೆಸಿದ ಹೋರಾಟಕ್ಕೆ ಪುಟಗಳಿಲ್ಲ. ಅದಕ್ಕಿರುವ ಸಾಕ್ಷಿ ಅಟ್ಟದ ಮೇಲೆ, ಹರಿದ ಗೋಣಿಯ ಕೆಳಗೆ ಮಲಗಿದೆ. ಮುಂದಿನ ಸಲ ಗುಜರಿಯವನು ಬಂದು ಕರೆದಾಗ, ತಕ್ಕಡಿಗೆ ಇಡುವ ಮೊದಲು ಮೊಮ್ಮಗ ಒಂದು ಮಾತು ಕೇಳಲಿ. "ಅಜ್ಜ, ಇದರಲ್ಲಿ ನೀವು ಹೇಗೆ ಮದ್ದು ಬಿಡುತ್ತಿದ್ದದ್ದು?" ಅಜ್ಜ ಹಿಡಿಗೆ ಕೈ ಹಾಕಿ ತೋರಿಸಲು ಆರಂಭಿಸಿದರೆ ಆ ಪಂಪು ಮತ್ತೆ ತಕ್ಕಡಿಗೆ ಹೋಗುವುದು ಕಷ್ಟ.